ಜೇನುಪೆಟ್ಟಿಗೆ ಹೊತ್ತವನು

ಜೇನುಪೆಟ್ಟಿಗೆನ ಹಗಲು ಹೊತ್ತು ಸಾಗಿಸಲ್ಲ. ಹುಳ ಎಲ್ಲ ಮೇಯಕ್ಕೆ ಹೋಗಿರ್ತವೆ. ಕತ್ತಲಾಗಿ, ಕೊನೇ ಹುಳನೂ ಗೂಡು ಸೇರಿತು ಅಂದಮೇಲೆ ಬಾಗಿಲಿಗೆ ಜಾಲರಿ ಬಡಿದು ಎತ್ತಬೇಕು. ಹಂಗಾಗಿ ನಮ್ಮ ಜವರಪ್ಪ ಚಿಕ್ಕಪ್ಪ ಯಾವಾಗ್ಲೂ ರಾತ್ರಿನೇ ನಡೀತಿದ್ದ. ಅವತ್ತೂ ಹಂಗೇ. ಆಲೂರು ಕಡೆಯ ಒಂದು ತೋಟದಿಂದ ಪೆಟ್ಟಿಗೆ ತಲೆ ಮೇಲಿಟ್ಕೊಂಡು, ಅದರ ಮೇಲೊಂದು ಗೋಣಿತಾಟು ಹೊದಿಸ್ಕೊಂಡು, ಕುಂದೂರು ಕಡೆಗೆ ಒಬ್ಬನೇ ಬರ್ತಿದ್ದ. ದಾರೀಲಿ ಒಂದು ದೊಡ್ಡ ಆಲದ ಮರ. ಮರದ ಬುಡದಲ್ಲೇ ಕಲ್ಲು ಕಟ್ಟಿದ ಬಾವಿ...

ಅಲ್ಲಿಂದಾಚೆಗೆ ಚಿಕ್ಕಪ್ಪ ಬರ್ಲಿಲ್ಲ.

ಬೆಳಗ್ಗೆ ಬಾವೀಲಿ ಸಿಕ್ಕಿದ. ಪೆಟ್ಟಿಗೆನೂ ಪಕ್ಕದಲ್ಲೇ ತೇಲ್ತಿತ್ತು. ಕತ್ತಲಲ್ಲಿ ಕಾಲು ಜಾರಿ ಬಿದ್ದಿದ್ದಾನೆ ಅಂತ ಪೊಲೀಸರು ಬರ್ಕೊಂಡು ಹೋದ್ರು. ಚಿಕ್ಕಮ್ಮ ಬಸಮ್ಮ ಮಾತ್ರ ಮೈ ತೊಳೆಯೋವಾಗ ತಲೆ ಹಿಂದಕ್ಕೆ ಕೈ ಹಾಕಿದ್ಲು. ಬೆರಳು ಒಳಗೆ ಹೋಯ್ತು. "ಜಾರಿ ಬಿದ್ದೋನ ತಲೆ ಹಿಂಗೆ ಒಡೀತದೇನ್ರೋ?" ಅಂತ ಕೇಳಿದ್ಲು. ಮಗಳು ಶಿವಲೀಲಾ ಆಗ ಏಳನೇ ಕ್ಲಾಸು. ಬಾಗಿಲ ಸಂದೀಲಿ ನಿಂತು ಅಮ್ಮನ ಬೆರಳನ್ನೇ ನೋಡ್ತಿದ್ಲು.

ನಾನೀಗ ಹೇಳ್ತಿರೋದು ಆ ಶಿವಲೀಲಂಗೆ ಆಗಿದ್ದು. ನಂಗೆ ತಂಗಿ ಆಗ್ಬೇಕು ಅವಳು. ಹೋದ ವರ್ಷ ಹೂಮಳೆ ಬಿದ್ದ ವಾರ ನಡೆದಿದ್ದು ಇದು.

ಅಪ್ಪನ ಕಸುಬನ್ನೇ ಹಿಡಿದಿದ್ಲು ಶಿವಲೀಲಾ. ಗಂಡ ಮೃತ್ಯುಂಜಯನ ಜೊತೆ ಸೇರಿ ಪಿಕಪ್ ಗಾಡೀಲಿ ಪೆಟ್ಟಿಗೆ ತುಂಬ್ಕೊಂಡು ಊರೂರು ತಿರುಗೋದು. ಗದಗದ ಕಡೆ ಸೂರ್ಯಕಾಂತಿ ಹೂ ಬಿಟ್ರೆ ಅಲ್ಲಿ. ನಮ್ಮ ಕಡೆ ಹೂಮಳೆ ಬಿದ್ದು ಕಾಫಿ ಬೆಳ್ಳಗಾಯ್ತು ಅಂದ್ರೆ ಇಲ್ಲಿ. ಆ ಸಲ ಮೃತ್ಯುಂಜಯ ಕಾಲು ಮುರ್ಕೊಂಡು ಪಟ್ಟಿ ಕಟ್ಟಿಸ್ಕೊಂಡಿದ್ದ. ಪೆಟ್ಟಿಗೆ ಇಡೋ ಜಾಗ ನೋಡ್ಬೇಕು ಅಂತ ಅವನನ್ನ ನಾನು ಕೆಲಸಕ್ಕಿರೋ ಹೆಗ್ಗದ್ದೆ ಎಸ್ಟೇಟಿಗೆ ನಾನೇ ಕರ್ಕೊಂಡು ಬಂದು ಆಳುಗಳ ಲೈನ್ ಮನೇಲಿ ಉಳಿಸ್ಕೊಂಡಿದ್ದೆ. ಹುಳ ತುಂಬಿದ ಗಾಡಿ ಅಂದ್ರೆ ಬಾಡಿಗೆ ಡ್ರೈವರ್ ಯಾರೂ ಬರಲ್ಲ. ಗದಗದಿಂದ ಹೆಗ್ಗದ್ದೆವರೆಗೂ ಶಿವಲೀಲಾ ಒಬ್ಬಳೇ ಹೊರಟ್ಲು.

ಗಾಡಿ ಹಿಂದಿನ ಕಿಟಕಿ ಗಾಜು ಸರಿಸಿಟ್ಟಿದ್ಲು. ಹುಳದ ಸದ್ದು ಕೇಳ್ತಿರಬೇಕು ಅವಳಿಗೆ. ಗುಂಯ್... ಅಂತ ಒಂದೇ ಸಮ. ಚಿಕ್ಕವಳಿದ್ದಾಗ ಅಪ್ಪ ಪೆಟ್ಟಿಗೆಗೆ ಅವಳ ಕಿವಿ ಒತ್ತಿ ಹೇಳಿಕೊಟ್ಟಿದ್ದ. "ಕೇಳು ಮಗಾ. ಸೆಕೆ ಆದ್ರೆ ಒಂಥರ ಕೂಗ್ತವೆ. ಹಸಿದ್ರೆ ಒಂಥರ. ರಾಣಿ ಸತ್ರೆ ಅಳ್ತವೆ." ಕತ್ತಲು ರಸ್ತೇಲಿ ಒಬ್ಬಳೇ ಇರುವಾಗ ಅದೆಲ್ಲ ನೆನಪಾಗ್ತಿತ್ತು. ಅಪ್ಪನ ಅಂಗೈಯ ಮೇಣದ ವಾಸನೆ. ಅವನ ಕೆಮ್ಮು. ಎಷ್ಟೋ ವರ್ಷದಿಂದ ನೆನಪಾಗದೇ ಇದ್ದಿದ್ದೆಲ್ಲ ಅವತ್ತು ಸಾಲಾಗಿ ಬರ್ತಿತ್ತು.

ಹಾವೇರಿ ದಾಟಿದ ಮೇಲೆ ಕುರಿಮಂದೆ ರಸ್ತೆಗೆ ಅಡ್ಡ ಬಂತು. ಗಾಡಿ ನಿಲ್ಲಿಸಿದ್ಲು. ಕಂಬಳಿ ಹೊದ್ದ ಒಬ್ಬ ಮುದುಕಿ ಕಿಟಕಿ ಹತ್ರ ಬಂದು ನೀರು ಕೇಳಿದ್ಲು. ಬಾಟಲಿ ಕೊಟ್ಲು ಶಿವಲೀಲಾ. ಮುದುಕಿ ಕುಡಿದು, ಗಾಡಿ ಹಿಂದಕ್ಕೊಮ್ಮೆ ನೋಡಿ, ಮೆಲ್ಲಗೆ ಹೇಳಿದ್ಲು.

"ಹಿಂದ ಕುಂತಾನಲ್ಲ ಆ ಹಿರ್ಯಾ... ಮೈಯೆಲ್ಲಾ ತೊಯ್ದೈತಿ ನೋಡವ್ವ. ಮುಂದ ಕರ್ಕೊಂಡು ಕುಂದ್ರಿಸ್ಕೋಬಾರ್ದ?"

ಶಿವಲೀಲಾ ಇಳಿದು ಬ್ಯಾಟರಿ ಬಿಟ್ಟು ನೋಡಿದ್ಲು. ಯಾರೂ ಇಲ್ಲ. ಪೆಟ್ಟಿಗೆ ಸಾಲು, ಬಿಗಿದ ಹಗ್ಗ, ಅಷ್ಟೇ. ತಿರುಗಿದ್ರೆ ಮುದುಕಿ ಕುರಿ ಹಿಂದೆ ಹೋಗ್ಬುಟ್ಟಿದ್ಲು. ವಯಸ್ಸಾದೋಳು, ಕಣ್ಣು ಮಂಜು ಅಂದ್ಕೊಂಡು ಹೊರಟ್ಲು. ಆದ್ರೆ ಕನ್ನಡೀಲಿ ಹಿಂದಕ್ಕೆ ನೋಡೋದು ಮಾತ್ರ ಬಿಡ್ಲಿಲ್ಲ.

ಅರಸೀಕೆರೆ ರೈಲ್ವೆ ಸ್ಟೇಷನ್ ಹತ್ರ ಟೀ ಕುಡಿಯಕ್ಕೆ ನಿಂತ್ಲು. ಅಲ್ಲೊಬ್ಬ ಹಿರಿಯ ಕೂತಿದ್ದ. ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ವಯಸ್ಸಾದ್ರೂ ಮಣಿಕಟ್ಟು ದಪ್ಪ, ಭುಜ ಗಟ್ಟಿ. ಗಾಡಿ ನಂಬರ್ ನೋಡಿ ಎದ್ದು ಬಂದ.

"ಹಾಸನ್ದ ಗಾಡಿ ಅಲ್ವೇನವ್ವ? ರೈಲು ತಡ ಆಗೋಯ್ತು. ಬಸ್ ಬೆಳಗ್ಗೆಗಂಟ ಇಲ್ವಂತೆ. ಬಾಳ್ಳುಪೇಟೆಲಿ ಇಳಿಸಿದ್ರೆ ಪುಣ್ಯ ಬರ್ತದೆ ನಿಂಗೆ."

ರಾತ್ರಿ ಯಾರನ್ನೂ ಹತ್ತಿಸಬಾರ್ದು ಅಂತ ಮೃತ್ಯುಂಜಯ ನೂರು ಸಲ ಹೇಳಿದ್ದ. ಆದ್ರೆ ನಮ್ಮ ಕಡೆ ಮಾತು, ಅಪ್ಪನ ವಯಸ್ಸು. ಜೊತೆಗೆ ಆ ಮುದುಕಿ ಮಾತು ಕೇಳಿದ ಮೇಲೆ ಪಕ್ಕದಲ್ಲಿ ಒಂದು ಜೀವ ಇದ್ರೆ ಸಾಕು ಅನ್ನಿಸಿತ್ತು.

"ಹತ್ತಿ ಯಜಮಾನ್ರೇ. ಕಾಲಡಿ ಕತ್ತಿ ಐತೆ, ಹುಷಾರು. ಪೆಟ್ಟಿಗೆ ಇಡೋ ಕಡೆ ಗಿಡ ಸವರಕ್ಕೆ ಇಟ್ಕೊಂಡಿರೋದು."

ಸಿದ್ದಬಸಪ್ಪ ಅಂತ ಹೆಸರು ಹೇಳಿದ. ಮೊದ್ಲು ಮರದ ವ್ಯಾಪಾರವಂತೆ, ಈಗ ಮಗಂದಿರು ನೋಡ್ಕೊತಾರಂತೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಓರೆ ಮಾಡಿ ಕೇಳಿದ.

"ಹಿಂದೆ ಏನವ್ವ ಅದು ಸದ್ದು?"

"ಜೇನು ಯಜಮಾನ್ರೇ."

ಅವನು ಕೈ ಹಿಂದಕ್ಕೆ ಹಾಕಿ ಕಿಟಕಿ ಗಾಜು ಎಳೆದು ಮುಚ್ಚಿದ. ಶಿವಲೀಲಾ ಮತ್ತೆ ತೆಗೆದ್ಲು. ಹುಳಕ್ಕೆ ಸೆಕೆ ಆದ್ರೆ ಗೊತ್ತಾಗ್ಬೇಕಲ್ಲ ಅಂದ್ಲು. ಅವನು ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿದ.

ಹಾಸನ ಆಯ್ತು. ಆಲೂರು ಹತ್ರ ಬರ್ತಿದ್ದಂಗೆ ಗಾಡಿಗಳೆಲ್ಲ ಸಾಲಾಗಿ ನಿಂತಿದ್ವು. ಮುಂದೆ ಲಾರಿ ಮಗುಚಿದೆ, ಬೆಳಕು ಹರಿಯೋವರೆಗೂ ದಾರಿ ಬಿಡಲ್ಲ ಅಂದ್ರು. ನಿಂತ ಗಾಡೀಲಿ ಹುಳ ಬದುಕಲ್ಲ ಕಣ್ರೀ. ಗಾಳಿ ಆಡದೆ ಒಳಗೇ ಬೆಂದು ಸಾಯ್ತವೆ. ಆಗಲೇ ಸದ್ದು ಮೇಲೇರ್ತಿತ್ತು. ಗುಂಯ್ ಅಂತಿದ್ದಿದ್ದು ಝಂಯ್ ಅಂತ ಕೂಗ್ತಿತ್ತು. ಒಳದಾರಿ ಒಂದಿತ್ತು. ಆಲದ ಬಾವಿ ದಾಟಿ, ತೋಟಗಳ ಮಧ್ಯೆ ಸುತ್ತಿ ಬಾಳ್ಳುಪೇಟೆ ಸೇರೋದು. ಅಪ್ಪ ಸತ್ತ ಮೇಲೆ ಅವಳು ರಾತ್ರಿ ಹೊತ್ತು ಆ ದಾರಿ ತುಳಿದೇ ಇರ್ಲಿಲ್ಲ. ಸ್ಟೇರಿಂಗ್ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತ್ಲು. ಹುಳ ಕೂಗ್ತಾನೇ ಇದ್ವು. ಗಾಡಿ ತಿರುಗಿಸಿದ್ಲು.

ಸಿದ್ದಬಸಪ್ಪ ಎಚ್ಚರಾದ. "ಎಲ್ಲಿಗವ್ವ?"

"ಒಳದಾರೀಲಿ ಹೋಗಣ. ಆಲದ ಬಾವಿ ಮೇಲೆ."

"ಆ ದಾರಿ ಬ್ಯಾಡ."

"ಯಾಕೆ ಯಜಮಾನ್ರೇ?"

"ಬ್ಯಾಡ ಅಂದ್ರೆ ಬ್ಯಾಡ. ಇಲ್ಲೇ ಕಾಯನ."

"ನೀವು ಬೇಕಾದ್ರೆ ಇಳ್ಕೊಳ್ಳಿ. ನನ್ನ ಹುಳ ಸಾಯ್ತವೆ."

ಅವನು ಕತ್ತಲಿಗೊಮ್ಮೆ ನೋಡಿದ. ಇಳೀಲಿಲ್ಲ.

ದಾರಿ ಏರ್ತಾ ಹೋಯ್ತು. ಎರಡೂ ಕಡೆ ಕಾಫಿ ಗಿಡ ಹೂ ಬಿಟ್ಟು ಬೆಳ್ಳಗೆ ನಿಂತಿತ್ತು. ಜೀರುಂಡೆ ಜಿರ್ರ್ ಅಂತಿತ್ತು. ಟೈರಿನಡಿ ಜಲ್ಲಿ ಕರಕರ ಅಂತಿತ್ತು. ಒಂದು ತಿರುವಿನಲ್ಲಿ ದೀಪದ ಬೆಳಕಿಗೆ ಒಬ್ಬ ಕಾಣಿಸಿದ. ರಸ್ತೆ ಪಕ್ಕ ನಡ್ಕೊಂಡು ಹೋಗ್ತಿದ್ದ. ತಲೆ ಮೇಲೆ ಏನೋ ಚೌಕಾಕಾರದ ಹೊರೆ. ಮೇಲೆ ಗೋಣಿತಾಟು. ತಾಟು ಇಳಿಬಿದ್ದು ಮುಖ ಕಾಣ್ತಿರ್ಲಿಲ್ಲ. ಗಾಡಿ ಹತ್ರ ಬಂದಾಗ ಕೈ ಚಾಚಿದ.

ಶಿವಲೀಲಾ ಬ್ರೇಕ್ ಮೇಲೆ ಕಾಲಿಟ್ಲು.

"ನಿಲ್ಲಿಸ್ಬ್ಯಾಡ." ಸಿದ್ದಬಸಪ್ಪನ ದನಿ ಪಿಸುಗುಟ್ಟಿದಂಗಿತ್ತು.

ನಿಲ್ಲಿಸ್ಲಿಲ್ಲ. ದಾಟಿ ಹೋದ್ಲು. ಕನ್ನಡೀಲಿ ನೋಡಿದ್ರೆ ಕತ್ತಲು. ಮುಂದಿನ ತಿರುವು ಬಂತು... ಅಲ್ಲೂ ಅವನೇ. ಅದೇ ಹೊರೆ. ಅದೇ ನಡಿಗೆ, ಎಡಗಾಲು ಒಂಚೂರು ಎಳೆದು. ಗಾಡಿ ಹಿಂದಿಂದ ಯಾವ ಮನುಷ್ಯ ಅಷ್ಟು ಬೇಗ ಮುಂದೆ ಬರ್ತಾನೆ? ಈ ಸಲ ಸಿದ್ದಬಸಪ್ಪ ಎರಡೂ ಕೈಲಿ ಡ್ಯಾಶ್‌ಬೋರ್ಡ್ ಹಿಡ್ಕೊಂಡಿದ್ದ. ಅವನ ಹಲ್ಲು ಕಟಕಟ ಅಂತಿತ್ತು.

"ಬಿಡವ್ವ... ಜೋರಾಗಿ ಬಿಡು..."

ಆಲದ ಮರ ಕಾಣಿಸ್ತು. ಬಿಳಲು ರಸ್ತೆ ಮೇಲೆ ಇಳಿಬಿದ್ದಿದ್ವು. ಅವನು ರಸ್ತೆ ನಡುಮಧ್ಯದಲ್ಲಿ ನಿಂತಿದ್ದ. ಶಿವಲೀಲಾ ಬ್ರೇಕ್ ಒತ್ತಿದ್ಲು. ಗಾಡಿ ಕಿರ್ರ್ ಅಂತ ಜಾರಿ ನಿಂತ್ಕೊಳ್ತು. ಇಂಜಿನ್ ಆಫ್. ದೀಪ ಮಾತ್ರ ಉರೀತಿತ್ತು.

ಆಗ ಗಮನಿಸಿದ್ಲು. ಹಿಂದೆ ಸದ್ದಿಲ್ಲ. ಅಷ್ಟು ಪೆಟ್ಟಿಗೆಯ ಹುಳ... ಒಂದೂ ಉಸಿರೆತ್ತುತ್ತಿಲ್ಲ.

ಪಕ್ಕದಲ್ಲಿ ಸಿದ್ದಬಸಪ್ಪ ಕೈ ಮುಗಿದು ಗಾಜಿನ ಕಡೆ ಬಾಗಿದ್ದ. ಅಳೋ ಮಗು ಥರ ಹೇಳ್ತಿದ್ದ.

"ಜವರಪ್ಪ... ಬ್ಯಾಡ ಕಣೋ ಜವರಪ್ಪ... ಹೋಗ್ಬುಡೋ ಮಾರಾಯ..."

ಶಿವಲೀಲಾ ನಿಧಾನಕ್ಕೆ ಅವನ ಕಡೆ ತಿರುಗಿದ್ಲು.

"ಆ ಹೆಸರು ನಿಮಗೆ ಹೆಂಗೆ ಗೊತ್ತು?"

ಅವನು ಅವಳ ಮುಖ ನೋಡಿದ. ಸರಿಯಾಗಿ ನೋಡಿದ್ದು ಅದೇ ಮೊದಲು. ಹಣೆ, ಹುಬ್ಬು, ಗಲ್ಲ. ಕೈ ಮುಗಿದಿದ್ದು ಮೆಲ್ಲಗೆ ಇಳೀತು.

"ನೀನು... ಅವನ ಮಗಳಾ?"

ಅವಳು ಹೂಂ ಅಂದ್ಲು.

"ಕದ್ದ ಬೀಟೆ ಮರ ಲಾರಿಗೆ ತುಂಬ್ತಿದ್ವಿ ಅವತ್ತು," ಅಂದ. ದನಿ ಬದಲಾಗಿತ್ತು. ನಡುಕ ಹೋಗಿತ್ತು. "ತಲೆ ತಗ್ಗಿಸ್ಕಂಡು ಹೋಗಿದ್ರೆ ಬದುಕ್ತಿದ್ದ. ನಿಂತ್ಕಂಡು ನೋಡ್ಬುಟ್ಟ. ಕೊಡ್ಲಿ ಹಿಂಬದಿಲಿ ಒಂದೇ ಏಟು ಕೊಟ್ಟಿದ್ದು ನಾನು. ಬಾವಿಗೆ ಹಾಕೋವಾಗ ಉಸಿರಾಡ್ತಿದ್ದ ಇನ್ನೂ."

ಇಷ್ಟು ಹೇಳಿ ಬಗ್ಗಿದ. ಕಾಲಡಿ ಕತ್ತಿ ಕೈಗೆ ಬಂದಿತ್ತು.

ಮೊದಲ ಏಟು ಸ್ಟೇರಿಂಗಿಗೆ ಬಿತ್ತು. ಠಣ್ ಅಂತ. ಎರಡನೇದಕ್ಕೆ ಕೈ ಅಡ್ಡ ಕೊಟ್ಲು. ಅಂಗೈ ಸೀಳಿ ಮೂಳೆಗೆ ತಾಗಿತು. ನೋವು ಗೊತ್ತಾಗ್ಲಿಲ್ಲ, ಬಿಸಿ ಮಾತ್ರ ಗೊತ್ತಾಯ್ತು. ಬಾಗಿಲು ಒದ್ದು ಹೊರಗೆ ಬಿದ್ಲು. ರಸ್ತೇಲಿ ನಿಂತಿದ್ದೋನು ಈಗ ಇರ್ಲಿಲ್ಲ. ಏಳೋ ಮುಂಚೆ ಅವನು ಸುತ್ತಿ ಬಂದು ಜಡೆ ಹಿಡಿದಿದ್ದ. ಜಲ್ಲಿ ಮೇಲೆ ಧರಧರ ಎಳ್ಕೊಂಡು ಹೋದ. ಮೊಣಕಾಲಿನ ಚರ್ಮ ಕಿತ್ತು ಬಂತು. ಕೈಗೆ ಸಿಕ್ಕಿದ ಕಲ್ಲು ತಗೊಂಡು ಅವನ ಮಂಡಿಗೆ ಹೊಡೆದ್ಲು. ಟಕ್ ಅಂತು. ಅವನು ಮುಗ್ಗರಿಸಿದ, ಜಡೆ ಬಿಡ್ಲಿಲ್ಲ. ಬಾವಿ ಕಟ್ಟೆಗೆ ಅವಳ ಹಣೆ ಚಚ್ಚಿದ. ಮತ್ತೆ ಚಚ್ಚಿದ. ಕಣ್ಣಿಗೆ ರಕ್ತ ಇಳೀತು. ಕತ್ತು ಕಟ್ಟೆ ಮೇಲಿಟ್ಟು ಒತ್ತಿ ಹಿಡಿದ. ಕೆಳಗೆ ಬಾವಿ ನೀರಿನ ತಣ್ಣನೆ ಗಾಳಿ ಅವಳ ಮುಖಕ್ಕೆ ಹೊಡೀತಿತ್ತು. ಕತ್ತಿ ಮೇಲೆದ್ದಿದ್ದು ನೆರಳಲ್ಲಿ ಕಾಣಿಸ್ತು...

ಸತ್ತೆ ಅಂದ್ಕೊಂಡ್ಲು. ಆ ಗಳಿಗೆಲಿ ಅಮ್ಮನ ಬೆರಳು ನೆನಪಾಯ್ತಂತೆ. ನಾಳೆ ಅಮ್ಮ ನನ್ನ ತಲೆಗೂ ಕೈ ಹಾಕಿ ನೋಡ್ಬೇಕಲ್ಲ ಅಂತ.

ಅಷ್ಟರಲ್ಲಿ ಬಾವಿ ಒಳಗಿಂದ ಸದ್ದು ಬಂತು.

ಮೊದಲು ತೊಟ್ಟಿಕ್ಕೋ ಸದ್ದು. ತಟ್... ತಟ್... ಆಮೇಲೆ ಗುಂಯ್ ಅಂತ. ಆಳದಿಂದ. ನೀರಿನೊಳಗಿಂದ ಬಂದಂಗೆ ತೊಯ್ದ ಸದ್ದು. ಮೇಲೆ ಮೇಲೆ ಬಂತು. ಅವಳ ಮುಖ ಸವರ್ಕೊಂಡು ಹೋಯ್ತು. ಕೆನ್ನೆ ಮೇಲೆ, ರೆಪ್ಪೆ ಮೇಲೆ, ತುಟಿ ಮೇಲೆ ಹುಳ ನಡೆದ್ವು. ಸಾವಿರ ಸಾವಿರ. ಒಂದೂ ಕುಟುಕ್ಲಿಲ್ಲ.

ಮೇಲೆ ಸಿದ್ದಬಸಪ್ಪ ಕೂಗಿದ. ಕೂಗು ಅರ್ಧಕ್ಕೇ ನಿಂತೋಯ್ತು. ಬಾಯೊಳಗೆ ಹುಳ ತುಂಬ್ಕೊಂಡಿದ್ವು.

ಕತ್ತಿ ಕಲ್ಲಿನ ಮೇಲೆ ಬಿತ್ತು. ಅವನು ಮುಖ ಕೆರ್ಕೊಂಡ, ಉಗುರಿಗೆ ಚರ್ಮ ಬಂತು. ದೀಪದ ಬೆಳಕಲ್ಲಿ ಅವನ ಬಿಳಿ ಅಂಗಿ ಕಾಣ್ತಿರ್ಲಿಲ್ಲ, ಕಂದು ಬಣ್ಣದ್ದೇನೋ ಮೈಮೇಲೆ ಕುದೀತಿತ್ತು. ಕಣ್ಣು ಊದಿ ಮುಚ್ಕೊಂಡಿದ್ವು. ಕುರುಡನ ಥರ ಕೈ ಚಾಚಿ ಎರಡು ಸುತ್ತು ತಿರುಗಿದ. ಕಟ್ಟೆ ಮೊಣಕಾಲಿಗೆ ತಾಗಿತು. ಒಳಗೆ ಹೋದ. ಹೋಗೋವಾಗ ಒಂದು ಕೈ ಕಲ್ಲಿನ ಅಂಚು ಹಿಡ್ಕೊಳ್ತು.

ನೇತಾಡ್ತಿದ್ದ. ಉಸಿರು ಗೊರಗೊರ ಅಂತಿತ್ತು.

"ಕೈ... ಕೈ ಕೊಡವ್ವ..."

ಶಿವಲೀಲಾ ಅವನ ಮಣಿಕಟ್ಟು ಹಿಡಿದ್ಲು. ಯಾಕೆ ಹಿಡಿದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ್ನ ಕೊಂದೋನು, ತನ್ನ ಕತ್ತು ಕಡಿಯಕ್ಕೆ ಬಂದೋನು. ಆದ್ರೂ ಸಾಯ್ತಿರೋ ಮನುಷ್ಯ ಕೈ ಕೇಳ್ದಾಗ ಕೈ ತಾನಾಗೇ ಹೋಯ್ತು. ಸೀಳಿದ ಅಂಗೈಯಿಂದ ರಕ್ತ ಜಾರ್ತಿತ್ತು. ಆದ್ರೂ ಬಿಗಿಯಾಗೇ ಹಿಡಿದಿದ್ಲು.

ಆಗ ಬಾವಿ ಕತ್ತಲೊಳಗಿಂದ ಇನ್ನೊಂದು ಕೈ ಬಂತು.

ನೆನೆದ ಕೈ. ಚರ್ಮ ನೀರಲ್ಲಿ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಅದು ಸಿದ್ದಬಸಪ್ಪನ್ನ ಮುಟ್ಟಲಿಲ್ಲ. ಅವಳ ಬೆರಳು ಮುಟ್ಟಿತು. ಕಿರುಬೆರಳು ಬಿಡಿಸ್ತು. ಆಮೇಲೆ ಪಕ್ಕದ್ದು. ಮುಳ್ಳು ಚುಚ್ಚಿದ ಮಗುವಿನ ಬೆರಳು ಬಿಡಿಸಿದಂಗೆ, ನೋವಾಗದಂಗೆ, ಒಂದೊಂದೇ.

ಕಿವಿ ಹತ್ರ ಪಿಸುದನಿ. ಮಧ್ಯೆ ಒಂದು ಕೆಮ್ಮು.

"ಬುಡು ಮಗಾ."

ಬಿಟ್ಲು.

ಧಡಾರ್ ಅಂತ ನೀರು ಒಡೀತು. ಆಮೇಲೆ ಗುಳು ಗುಳು... ಬಹಳ ಹೊತ್ತು ಕೈಕಾಲು ಬಡಿಯೋ ಸದ್ದು. ಗೋಡೆ ಪರಪರ ಕೆರೆಯೋ ಸದ್ದು. ಹುಳದ ಗುಂಯ್ ಅನ್ನೋದೂ ಅವನ ಹಿಂದೇ ಕೆಳಗಿಳೀತು. ನೀರೊಳಗೆ ಮುಳುಗಿದಂಗೆ ಸಣ್ಣಗಾಯ್ತು.

ನಿಂತೋಯ್ತು.

ಶಿವಲೀಲಾ ಕಟ್ಟೆಗೆ ಒರಗಿ ಕೂತೇ ಇದ್ಲು. ಸ್ವಲ್ಪ ಬೆಳಕಾದಾಗ ಹಾಲಿನ ಕ್ಯಾನ್ ತಗೊಂಡು ಸ್ಕೂಟರಲ್ಲಿ ಬಂದ ಲಕ್ಕಯ್ಯ ಅನ್ನೋನು ಅವಳನ್ನ ಕಂಡ. ನನ್ನ ನಂಬರ್ ಅವಳೇ ಹೇಳಿದ್ಲಂತೆ, ಗಟ್ಟಿಯಾಗಿ, ತಪ್ಪಿಲ್ದೆ. ನಾನು ಹೋಗೋಷ್ಟ್ರಲ್ಲಿ ಅವಳನ್ನ ಹಾಸನದ ಆಸ್ಪತ್ರೆಗೆ ಸಾಗಿಸಿದ್ರು. ಬಾವಿಯಿಂದ ಹೆಣ ಎತ್ತಿದ್ದನ್ನ ನಾನು ನೋಡಿದೀನಿ. ಮುಖ ಅಂತ ಇರ್ಲಿಲ್ಲ. ಮಗಂದಿರು ಬಂದು ಬೆರಳಿನ ಉಂಗುರ ನೋಡಿ ಗುರುತು ಹಿಡಿದ್ರು.

ಆಲದ ಮರದಲ್ಲಿ ಹೆಜ್ಜೇನು ಇದ್ದಿರ್ಬೇಕು, ಗಲಾಟೆಗೆ ಎದ್ದಿರ್ಬೇಕು ಅಂದ್ರು ಪೊಲೀಸರು. ಕತ್ತಿ ಏಟು, ಹಣೆ ಗಾಯ ಎಲ್ಲ ಕಣ್ಣಮುಂದೇ ಇತ್ತು, ಅವಳ ಮಾತು ನಂಬಿದ್ರು. ಕೈಯ ವಿಷಯ ಮಾತ್ರ ಅವಳು ಅವರಿಗೆ ಹೇಳ್ಲಿಲ್ಲ. ಅಮ್ಮಂಗೆ ಹೇಳಿದ್ಲು.

ಬಸಮ್ಮ ಚಿಕ್ಕಮ್ಮ ಹಾಸಿಗೆ ಪಕ್ಕ ಕೂತು ಎಲ್ಲ ಕೇಳಿಸ್ಕೊಂಡ್ಲು. ಕೊನೆಗೆ ಒಂದೇ ಮಾತು ಕೇಳಿದ್ದು.

"ದನಿ ಅವನದೇನಾ?"

"ಹೂಂ ಕಣವ್ವ. ಕೆಮ್ಮೂ ಅವನದೇ."

ಗಂಡ ಸತ್ತಾಗ ಅಳದೇ ಇದ್ದೋಳು ಚಿಕ್ಕಮ್ಮ. ಅವತ್ತು ಸೆರಗು ಬಾಯಿಗೆ ತುರುಕ್ಕೊಂಡು ಅತ್ಲು. ಇಡೀ ವಾರ್ಡು ತಿರುಗಿ ನೋಡ್ತು.

ಶಿವಲೀಲಾ ಈಗ ಚೆನ್ನಾಗಿದಾಳೆ. ಎರಡು ಬೆರಳು ಮಡಚಕ್ಕಾಗಲ್ಲ ಅಷ್ಟೇ. ಈ ವರ್ಷವೂ ಗದಗಕ್ಕೆ ಹೋಗಿ ಬಂದ್ಲು. ಆ ಬಾವಿ ದಾರೀಲೇ ಬಂದ್ಲು, ರಾತ್ರಿನೇ.

ಅವಳು ಹೇಳಿದ್ದನ್ನ ಭಯಕ್ಕೆ ಏನೋ ಕಂಡಿರ್ಬೇಕು ಅನ್ನೋರು ಇದ್ದಾರೆ. ನಮ್ಮ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ದಯಾನಂದನೂ ಹಂಗೇ ಅಂತಾನೆ. ನಾನು ವಾದ ಮಾಡಲ್ಲ. ಯಾಕಂದ್ರೆ ಅವತ್ತು ಆ ಪಿಕಪ್‌ನ ಬಾವಿ ಹತ್ರದಿಂದ ಹೆಗ್ಗದ್ದೆಗೆ ಓಡಿಸ್ಕೊಂಡು ಬಂದೋನು ನಾನು. ಹಗ್ಗ ಬಿಚ್ಚಿರ್ಲಿಲ್ಲ. ಜಾಲರಿಗೆ ಅವಳು ಗದಗದಲ್ಲಿ ಹೊಡೆದ ಮೊಳೆ ಹಂಗಂಗೇ ಇದ್ವು, ಒಂದೂ ಅಲುಗಿರ್ಲಿಲ್ಲ. ಆ ರಾತ್ರಿ ಮಳೆ ಹನಿ ಬಿದ್ದಿರ್ಲಿಲ್ಲ, ಪೆಟ್ಟಿಗೆ ಮರ ಒಣಗೇ ಇತ್ತು. ಮೃತ್ಯುಂಜಯ ಕೋಲು ಊರ್ಕೊಂಡು ಪಕ್ಕದಲ್ಲೇ ನಿಂತಿದ್ದ. ನಾನೇ ಈ ಕೈಯಾರೆ ಮೊಳೆ ಕಿತ್ತು, ಜಾಲರಿ ತೆಗೆದು, ಮೊದಲನೇ ಬಾಗಿಲು ಬಿಟ್ಟೆ.

ಹುಳ ಹಾರ್ಲಿಲ್ಲ. ನಡ್ಕೊಂಡು ಹೊರಗೆ ಬಂದ್ವು. ಎಲ್ಲವೂ ನೆಂದಿದ್ವು.